ಆದೇಶವಿಲ್ಲದ ಗೋಡೆ

ಅಮೆರಿಕದ ಲೂಯಿಸಿಯಾನಾ ರಾಜ್ಯವು 2024ರಲ್ಲಿ ಒಂದು ಕಾಯಿದೆ ಮಾಡಿ, ತನ್ನ ಸರ್ಕಾರಿ ಶಾಲೆಗಳ ಪ್ರತಿಯೊಂದು ತರಗತಿಯಲ್ಲೂ ಬೈಬಲಿನ ಹತ್ತು ಆಜ್ಞೆಗಳ ಫಲಕವನ್ನು ತೂಗುಹಾಕಬೇಕೆಂದು ವಿಧಿಸಿತು. ಫಲಕದ ಅಳತೆ 11 ಅಂಗುಲಕ್ಕೆ 14 ಅಂಗುಲಕ್ಕಿಂತ ಕಡಿಮೆ ಇರಬಾರದು, ಅಕ್ಷರಗಳು ದೊಡ್ಡದಾಗಿ, ಸುಲಭವಾಗಿ ಓದುವಂತಿರಬೇಕು ಎಂಬುದನ್ನೂ ಕಾಯಿದೆಯೇ ಹೇಳಿತ್ತು. ಕೆಂಟಕಿ ರಾಜ್ಯದ ಇಂಥದೇ ಕಾಯಿದೆಯನ್ನು ಆ ದೇಶದ ಸುಪ್ರೀಂ ಕೋರ್ಟು 1980ರಲ್ಲಿ ಐವರು ಪರ, ನಾಲ್ವರು ವಿರೋಧ ಎಂಬ ಅಂತರದಲ್ಲಿ ರದ್ದುಪಡಿಸಿತ್ತು. ಆದರೂ ಲೂಯಿಸಿಯಾನಾದ ಬೆನ್ನಿಗೇ 2025ರಲ್ಲಿ ಆರ್ಕನ್ಸಾ ಮತ್ತು ಟೆಕ್ಸಸ್ ರಾಜ್ಯಗಳು ಅದೇ ದಾರಿ ಹಿಡಿದವು. ಮಾಟುಂಗದಲ್ಲಿ ಮುಂಬಯಿ ಕನ್ನಡಿಗರು ಕೆಲವರು ಸೇರಿದ್ದ ಒಂದು ಸಂಜೆ ಈ ಮಾತು ಬಂದಾಗ, ಸರ್ಕಾರದ ಶಾಲೆಯಲ್ಲಿ ಸರ್ಕಾರವೇ ಒಂದು ಧರ್ಮದ ವಾಕ್ಯವನ್ನು ಗೋಡೆಗೇರಿಸುವುದು ಸರಿಯಲ್ಲವೆಂದು ಎಲ್ಲರೂ ಒಪ್ಪಿದರು. ಆಮೇಲೆ ಹಿರಿಯರೊಬ್ಬರು ಸಮಾಧಾನದ ದನಿಯಲ್ಲಿ, 'ನಮ್ಮಲ್ಲಿ ಹಾಗೆ ಯಾರೂ ಆದೇಶ ಹೊರಡಿಸಿಲ್ಲ, ಅದೇ ಪುಣ್ಯ' ಎಂದರು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ನನ್ನ ಮನಸ್ಸು ಮಾತ್ರ ಆ ವಾಕ್ಯದಲ್ಲೇ ನಿಂತಿತು.

ಅವರು ಹೇಳಿದ್ದು ನಿಜ. ನಾನು ಕಲಿತ ಮಹಾನಗರಪಾಲಿಕೆಯ ಕನ್ನಡ ಶಾಲೆಯ ಗೋಡೆಯ ಮೇಲಿದ್ದ ಸರಸ್ವತಿಯ ಚಿತ್ರವನ್ನು ಅಲ್ಲಿ ಹಾಕಲು ಯಾರೂ ಆದೇಶಿಸಿರಲಿಲ್ಲ. ಯಾವುದೋ ವರ್ಷ ಯಾರೋ ಪಾಲಕರು ಕಟ್ಟು ಹಾಕಿಸಿ ಕೊಟ್ಟಿದ್ದರು, ಯಾರೋ ಶಿಕ್ಷಕರು ಮೊಳೆ ಹೊಡೆದಿದ್ದರು, ಶಾಲೆಯ ಸಿಪಾಯಿ ಬೆಳಿಗ್ಗೆ ಅದಕ್ಕೆ ಹೂ ಏರಿಸುತ್ತಿದ್ದರು. ಎಲ್ಲವೂ ಪ್ರೀತಿಯಿಂದ ನಡೆದದ್ದು. ಆದರೆ ಲೂಯಿಸಿಯಾನಾದ ತಂದೆತಾಯಿಯರಿಗೆ ತಮ್ಮ ತಕರಾರನ್ನು ಒಯ್ಯಲು ಒಂದು ವಿಳಾಸವಿತ್ತು. ಕಾಯಿದೆ ಬಂದ ವರ್ಷವೇ ಅವರು ಫೆಡರಲ್ ನ್ಯಾಯಾಲಯಕ್ಕೆ ಹೋದರು, ನವೆಂಬರಿನಲ್ಲಿ ತಡೆಯಾಜ್ಞೆಯನ್ನೂ ಪಡೆದರು. ಆದೇಶವೇ ಇಲ್ಲದೆ ಬಂದು ಕೂತ ಚಿತ್ರದ ಬಗ್ಗೆ ನಮ್ಮ ಶಾಲೆಯ ಮಗು ಯಾರನ್ನು ಕೇಳಬೇಕು? ಕೇಳಿದರೆ ಅದು ಒಂದು ಕಾಯಿದೆಯನ್ನು ಪ್ರಶ್ನಿಸಿದಂತಾಗುವುದಿಲ್ಲ, ತನ್ನ ಶಿಕ್ಷಕಿಯ ಭಕ್ತಿಯನ್ನು, ಸಹಪಾಠಿಗಳ ಮನೆಯ ದೇವರನ್ನು ಪ್ರಶ್ನಿಸಿದಂತಾಗುತ್ತದೆ. ಹತ್ತು ವರ್ಷದ ಮಗುವಿನ ಮೇಲೆ ಹೊರಿಸಲು ಇದು ತುಂಬ ದೊಡ್ಡ ಭಾರ.

ಶುಕ್ರವಾರದ ಸರದಿ

ನಮ್ಮ ತರಗತಿಯಲ್ಲಿ ಶುಕ್ರವಾರ ಪೂಜೆ ನಡೆಯುತ್ತಿತ್ತು. ಹಾಜರಿ ಪುಸ್ತಕದ ಕ್ರಮದಲ್ಲಿ ವಾರಕ್ಕೆ ಒಬ್ಬರಂತೆ ಹೂಮಾಲೆ, ತೆಂಗಿನಕಾಯಿ, ಊದಿನಕಡ್ಡಿ ತರಬೇಕು. ತಂದವರೇ ಬೆಂಚು ಹತ್ತಿ ಚಿತ್ರಕ್ಕೆ ಮಾಲೆ ಹಾಕುವುದು, ಬಾಯಿಯವರು (ಪಾಲಿಕೆಯ ಶಾಲೆಗಳಲ್ಲಿ ಶಿಕ್ಷಕಿಯರನ್ನು ಮರಾಠಿಯವರಂತೆ ನಾವೂ ಬಾಯಿ ಎಂದೇ ಕರೆಯುತ್ತಿದ್ದೆವು) ಕಾಯಿ ಒಡೆಸುವುದು, ಎಲ್ಲರೂ ಕೈಮುಗಿದು ಹಾಡುವುದು, ಕೊನೆಗೆ ಕಾಯಿಚೂರು ಮತ್ತು ಕಲ್ಲುಸಕ್ಕರೆ ಹಂಚುವುದು. ಆ ವಾರದ ಸರದಿಯ ಮಗುವಿಗೆ ಅಂದು ತರಗತಿಯಲ್ಲಿ ವಿಶೇಷ ಮರ್ಯಾದೆ. ಹಿಂದಿನ ಸಂಜೆ ದಾದರಿನ ಹೂವಿನ ಮಾರುಕಟ್ಟೆಗೆ ಹೋಗಿ ಮಾಲೆ ತರುವ ಸಂಭ್ರಮದಿಂದಲೇ ಅದು ಆರಂಭವಾಗುತ್ತಿತ್ತು. ನನಗೆ ಆ ಶುಕ್ರವಾರಗಳು ಪ್ರಿಯವಾಗಿದ್ದವು. ಇಂದಿಗೂ ಊದಿನಕಡ್ಡಿಯ ಹೊಗೆ ಮತ್ತು ಸೀಮೆಸುಣ್ಣದ ಪುಡಿ ಬೆರೆತ ವಾಸನೆ ಎಲ್ಲಾದರೂ ಬಂದರೆ ನನಗೆ ಮೊದಲು ನೆನಪಾಗುವುದು ನಾಲ್ಕನೆಯ ತರಗತಿಯೇ.

ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿಯ ತಂದೆ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದರು. ಅವರದು ವಿಜಾಪುರ ಕಡೆಯ ಮುಸ್ಲಿಂ ಕುಟುಂಬ. ಹಾಜರಿಯ ಕ್ರಮದಲ್ಲಿ ಅವಳ ಹೆಸರು ಬರುವ ಶುಕ್ರವಾರ ಅವಳು ಬಾಳೆಲೆಯಲ್ಲಿ ಕಟ್ಟಿದ ಒಂದು ಮಲ್ಲಿಗೆ ಮಾಲೆಯನ್ನು ತಂದಿದ್ದಳು; ತಾಯಿಯೇ ಕೊಂಡುಕೊಟ್ಟದ್ದು ಎಂದು ಬೆಳಿಗ್ಗೆಯಿಂದ ನಮಗೆಲ್ಲ ತೋರಿಸಿದ್ದಳು. ಬಾಯಿಯವರು ಪೊಟ್ಟಣವನ್ನು ಕೈಗೆ ತೆಗೆದುಕೊಂಡು, ಅವಳ ತಲೆ ಸವರಿ, 'ನೀನು ತಂದೆಯಲ್ಲ, ಸಾಕಮ್ಮ. ನಿನಗೆ ತೊಂದರೆ ಬೇಡ' ಎಂದು ಮಾಲೆಯನ್ನು ಮುಂದಿನ ಹೆಸರಿನ ಹುಡುಗನಿಗೆ ಕೊಟ್ಟರು. ಅವನು ಬೆಂಚು ಹತ್ತಿ ಹಾಕಿದ. ಅವರ ದನಿಯಲ್ಲಿ ತಿರಸ್ಕಾರ ಇರಲಿಲ್ಲ, ನಿಜವಾದ ವಾತ್ಸಲ್ಯವೇ ಇತ್ತು. ಆ ಮನೆಯವರ ನಂಬಿಕೆಗೆ ಧಕ್ಕೆಯಾಗಬಾರದೆಂಬ ಎಚ್ಚರವೂ ಇತ್ತು. ಆದರೆ ಅದುವರೆಗೆ ನಮ್ಮಲ್ಲಿ ಒಬ್ಬಳಾಗಿದ್ದ ಆ ಹುಡುಗಿ ಆ ಕ್ಷಣದಿಂದ ಬೇರೆಯವಳಾದಳು. ಅವಳು ಬೇರೆಯವಳೆಂದು ನಮಗೆ ಯಾವ ಪಾಠವೂ ಕಲಿಸಿರಲಿಲ್ಲ, ಯಾರ ಬಾಯಿಂದಲೂ ಒಂದು ಕೆಟ್ಟ ಮಾತು ಬಂದಿರಲಿಲ್ಲ. ಒಂದು ಚಿತ್ರ, ಒಂದು ಸರದಿ ಮತ್ತು ಒಬ್ಬ ಒಳ್ಳೆಯ ಶಿಕ್ಷಕಿಯ ಸೌಜನ್ಯ, ಇಷ್ಟೇ ಅದನ್ನು ನಮ್ಮೆಲ್ಲರ ಮುಂದೆ ಹೇಳಿಬಿಟ್ಟಿತು.

ಅದೇ ತರಗತಿಯಲ್ಲಿ ಕಲಬುರಗಿ ಕಡೆಯ ಇನ್ನೊಬ್ಬ ಹುಡುಗನಿದ್ದ. ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ. ಮನೆಯಲ್ಲಿ ಬಾಬಾಸಾಹೇಬರ ಮತ್ತು ಬುದ್ಧನ ಪಟಗಳ ಹೊರತು ಬೇರೆ ಪಟವಿರಲಿಲ್ಲ. ಅವನು ಶುಕ್ರವಾರ ಮಾತ್ರ ತಡವಾಗಿ ಬರುತ್ತಿದ್ದ, ಪೂಜೆ ಮುಗಿದು ಪ್ರಸಾದ ಹಂಚುವ ಹೊತ್ತಿಗೆ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ತಡವಾಗಿ ಬಂದ ಗುರುತು ಬೀಳುತ್ತಿತ್ತು, ಎರಡು ಮಾತು ಬೈಗುಳವೂ ಸಿಗುತ್ತಿತ್ತು. ಆ ಹುಡುಗ ಯಾರೊಂದಿಗೂ ವಾದಿಸದೆ ತನಗೆ ತಿಳಿದ ಒಂದೇ ಉಪಾಯವನ್ನು ಮಾಡಿಕೊಂಡಿದ್ದನೆಂದು ನನಗೆ ಅರ್ಥವಾದದ್ದು ದೊಡ್ಡವರಾದ ಮೇಲೆ, ಅವನೇ ಒಮ್ಮೆ ಮಾತಿನ ನಡುವೆ ಹೇಳಿದಾಗ. ಒಬ್ಬಳು ಒಳಗೆ ಬರಲು ಬಯಸಿ ಹೊರಗುಳಿದಳು, ಒಬ್ಬ ಹೊರಗಿರಲು ಬಯಸಿ ಬೈಸಿಕೊಂಡ. ಇಬ್ಬರೂ ಕನ್ನಡ ಕಲಿಯಲು ಬಂದವರು.

ಬೊಂಬಾಯಿಯ ಒಂದು ಶಾಲೆ

ಸಂವಿಧಾನದ 28ನೆಯ ವಿಧಿಯ ಮೊದಲ ಉಪವಿಧಿ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಯಾವ ಶಿಕ್ಷಣ ಸಂಸ್ಥೆಯಲ್ಲೂ ಧಾರ್ಮಿಕ ಬೋಧನೆ ನೀಡತಕ್ಕದ್ದಲ್ಲ ಎನ್ನುತ್ತದೆ. ಮೂರನೆಯ ಉಪವಿಧಿಯ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಗಳಲ್ಲಿ ಕೂಡ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾಗಿದ್ದರೆ ಪಾಲಕರ ಒಪ್ಪಿಗೆಯಿಲ್ಲದೆ, ಧಾರ್ಮಿಕ ಬೋಧನೆಗೆ ಅಥವಾ ಪೂಜೆಗೆ ಹಾಜರಾಗುವಂತೆ ಒತ್ತಾಯಿಸಕೂಡದು. ಗೋಡೆಯ ಚಿತ್ರದ ಮಾತನ್ನು ವಿಧಿ ಎಲ್ಲಿಯೂ ಎತ್ತುವುದಿಲ್ಲ. ಆದರೆ ಈ ವಿಧಿ ಇನ್ನೂ ಕರಡಿನ 22ನೆಯ ವಿಧಿಯಾಗಿದ್ದಾಗ, 1948ರ ಡಿಸೆಂಬರ್ 7ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಕೊಟ್ಟ ಉತ್ತರವನ್ನು ಮುಂಬಯಿಯ ಶಾಲೆಯಲ್ಲಿ ಕಲಿತ ಯಾರೇ ಓದಿದರೂ ಬೆರಗಾಗುತ್ತಾರೆ. ಉದಾಹರಣೆಗಾಗಿ ಅವರು ದೇಶದ ಬೇರೆ ಯಾವ ಊರನ್ನೂ ಹುಡುಕಲಿಲ್ಲ. ಬೊಂಬಾಯಿ ನಗರದಲ್ಲಿ ಮುನಿಸಿಪಾಲಿಟಿ ನಡೆಸುವ ಒಂದು ಶಾಲೆ ಇದೆಯೆಂದು ಊಹಿಸಿಕೊಳ್ಳಿ ಎಂದರು. ಅಲ್ಲಿ ಹಿಂದೂ ಮಕ್ಕಳಿರುತ್ತಾರೆ, ಕ್ರೈಸ್ತರ, ಪಾರಸಿಗಳ, ಯಹೂದಿಗಳ ಮಕ್ಕಳಿರುತ್ತಾರೆ. ಇನ್ನೂ ಮುಂದೆ ಹೋದರೆ ಹಿಂದೂಗಳಲ್ಲೇ ಸನಾತನಿಗಳು, ವೈದಿಕರು, ಶೈವರು, ವೈಷ್ಣವರು ಎಂಬ ಭೇದಗಳಿವೆ. ಇವರೆಲ್ಲರನ್ನೂ ಸಮಾನವಾಗಿ ಕಂಡು ಎಲ್ಲರ ಧರ್ಮವನ್ನೂ ಬೋಧಿಸು ಎಂದು ಸರ್ಕಾರಕ್ಕೆ ಹೇಳುವುದು ಅಸಾಧ್ಯವಾದದ್ದನ್ನು ಮಾಡು ಎಂದು ಹೇಳಿದಂತೆ ಎಂಬುದು ಅವರ ವಾದವಾಗಿತ್ತು.

ಅದಕ್ಕೆ ಮೊದಲು ಅವರು ಇನ್ನೊಂದು ಕಾರಣವನ್ನೂ ಕೊಟ್ಟಿದ್ದರು. ಜಿಲ್ಲಾ ಬೋರ್ಡು ನಡೆಸುವ ಶಾಲೆಯಲ್ಲಿ ಬಹುಸಂಖ್ಯೆಯ ಮಕ್ಕಳು ಹಿಂದೂಗಳೆಂಬ ಕಾರಣಕ್ಕೆ ಆ ಧರ್ಮದ ಬೋಧನೆ ಆರಂಭಿಸಿದರೆ, ಅದರ ತೆರಿಗೆ ಬೋರ್ಡಿನ ವ್ಯಾಪ್ತಿಯ ಎಲ್ಲರ ಮೇಲೂ ಬೀಳುತ್ತದಲ್ಲವೇ ಎಂದು. ಈ ಮಾತಿಗೆ ನಮ್ಮ ಭಾಗದಲ್ಲಿ ಹಳೆಯ ಬೇರು ಇದೆ. 1882ರಲ್ಲಿ ಶಿಕ್ಷಣದ ವಿಚಾರಣೆಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ ಹಂಟರ್ ಆಯೋಗದ ಮುಂದೆ ಜ್ಯೋತಿಬಾ ಫುಲೆಯವರು, ರೈತನ ಬೆವರಿನಿಂದ ಬರುವ ಕಂದಾಯ ಮೇಲ್ವರ್ಗದ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ಅವನ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಬರುತ್ತಿಲ್ಲ ಎಂದು ಹೇಳಿದ್ದರು. ಶಾಲೆ ಯಾರ ದುಡ್ಡಿನಿಂದ ನಡೆಯುತ್ತದೋ ಅವರ ಮಗು ಅಲ್ಲಿ ಅತಿಥಿಯಲ್ಲ. ಶುಕ್ರವಾರದ ಆ ಹುಡುಗಿಯನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಇದೇ: ಅವಳನ್ನು ತನ್ನದೇ ಶಾಲೆಯಲ್ಲಿ ಅತಿಥಿಯಂತೆ ಉಪಚರಿಸಲಾಯಿತು.

ಮುಂಬಯಿ ಪಾಲಿಕೆ ಇಂದಿಗೂ ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗು, ಕನ್ನಡ ಎಂಬ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ. ಒಂದೇ ಕಟ್ಟಡದ ಒಂದು ಮಾಳಿಗೆಯಲ್ಲಿ ಉರ್ದು, ಇನ್ನೊಂದರಲ್ಲಿ ತೆಲುಗು ಕೇಳಿಸುವುದು ಇಲ್ಲಿ ಸಾಮಾನ್ಯ. ಭಾಷೆಯ ವಿಷಯದಲ್ಲಿ ಇಷ್ಟು ದೊಡ್ಡ ಮನಸ್ಸು ತೋರಿದ ವ್ಯವಸ್ಥೆಯು ಗೋಡೆಯ ವಿಷಯವನ್ನು ಆಯಾ ಶಾಲೆಯವರ ರೂಢಿಗೆ ಬಿಟ್ಟುಕೊಟ್ಟು ಸುಮ್ಮನಿರುವುದು ನನಗೆ ಸರಿಯೆನಿಸುವುದಿಲ್ಲ.

ಶಾರದೆಯ ಎರಡು ಚರಿತ್ರೆ

ಇಲ್ಲಿ ನನ್ನ ಮನಸ್ಸು ಸುಲಭವಾಗಿ ಒಂದು ಕಡೆಗೆ ವಾಲುವುದಿಲ್ಲ, ಏಕೆಂದರೆ ಮುಂಬಯಿ ಕನ್ನಡಿಗರ ಮಟ್ಟಿಗೆ ಶಾರದೆಯ ಚಿತ್ರ ಮೇಲಿನವರು ಕೆಳಗಿನವರ ಮೇಲೆ ಹೇರಿದ ವಸ್ತುವಲ್ಲ. ಹಗಲು ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ದೀಪದ ಕೆಳಗೆ ಮೆಟ್ರಿಕ್ ಓದಿದ ಹುಡುಗರ ತಲೆಮಾರುಗಳು ಈ ನಗರದಲ್ಲಿ ಬೆಳೆದಿವೆ. ಮೊಗವೀರರು, ಬಿಲ್ಲವರು ತಮ್ಮ ಸಮಾಜಗಳ ಮೂಲಕ ನಡೆಸಿದ ರಾತ್ರಿಶಾಲೆಗಳು ಇಲ್ಲದಿದ್ದರೆ ಮುಂಬಯಿಯ ಕನ್ನಡ ಲೋಕವೇ ಬೇರೆಯಾಗಿರುತ್ತಿತ್ತು. ಬಿಲ್ಲವರು ಗುರುವೆಂದು ಪೂಜಿಸುವ ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ 1912ರಲ್ಲೇ ಕೇರಳದ ಶಿವಗಿರಿಯಲ್ಲಿ ಶಾರದೆಯನ್ನೂ ಪ್ರತಿಷ್ಠಾಪಿಸಿದರು. ದೇವಾಲಯದ ಬಾಗಿಲೂ ಅಕ್ಷರದ ಬಾಗಿಲೂ ಮುಚ್ಚಿದ್ದ ಜನಕ್ಕೆ ಶಾರದೆಯನ್ನು ತಮ್ಮವಳನ್ನಾಗಿ ಮಾಡಿಕೊಳ್ಳುವುದು ಒಂದು ಹಕ್ಕಿನ ಘೋಷಣೆಯಾಗಿತ್ತು. ಆ ಹುಡುಗರು ಪಾಠಕ್ಕೆ ಮೊದಲು ಶಾರದೆಗೆ ಕೈಮುಗಿದಾಗ ಅದರ ಅರ್ಥ 'ನಾವೂ ಓದುತ್ತೇವೆ' ಎಂಬುದೇ ಆಗಿತ್ತು.

ಇದೇ ಮಹಾರಾಷ್ಟ್ರದ ಇನ್ನೊಂದು ಚರಿತ್ರೆಯಲ್ಲಿ ಅದೇ ಚಿತ್ರಕ್ಕೆ ಬೇರೆ ಅರ್ಥವಿದೆ. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ ಅವರನ್ನು ವಿರೋಧಿಸಿದವರ ಮನೆಗಳಲ್ಲೂ ಸರಸ್ವತಿಯ ಪೂಜೆ ನಡೆಯುತ್ತಿತ್ತು. ವಿದ್ಯೆಯ ದೇವತೆ ಹೆಣ್ಣಾಗಿದ್ದೂ ಸಾವಿರಾರು ವರ್ಷ ಹೆಣ್ಣಿಗೆ ವಿದ್ಯೆ ಸಿಗಲಿಲ್ಲವೇಕೆ ಎಂದು ಫುಲೆ ಪರಂಪರೆಯವರು ಕೇಳುವ ಪ್ರಶ್ನೆಗೆ ಉತ್ತರಿಸುವುದು ಸುಲಭವಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ರಾಜಕಾರಣಿ ಛಗನ್ ಭುಜಬಲ್ ಅವರು ಶಾಲೆಗಳಲ್ಲಿ ಸರಸ್ವತಿಯ ಬದಲು ಸಾವಿತ್ರಿಬಾಯಿ, ಫುಲೆ, ಶಾಹೂ, ಅಂಬೇಡ್ಕರ್ ಅವರ ಚಿತ್ರಗಳಿರಲಿ ಎಂದಾಗ ರಾಜ್ಯದಲ್ಲಿ ದೊಡ್ಡ ಗದ್ದಲವಾಯಿತು. ಅಂದು ನಮ್ಮ ಕನ್ನಡ ವಲಯದಲ್ಲೂ ಎರಡು ಪಕ್ಷಗಳಾದವು. ರಾತ್ರಿಶಾಲೆಯಲ್ಲಿ ಕಲಿತ ಹಿರಿಯರಿಗೆ ಆ ಮಾತು ತಮ್ಮ ತಾಯಿಯನ್ನು ಮನೆಯಿಂದ ಹೊರಹಾಕಿದಂತೆ ಕೇಳಿಸಿತು. ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಬೌದ್ಧ ಕುಟುಂಬಗಳ ಯುವಕರಿಗೆ ಅದು ಬಹಳ ತಡವಾಗಿ ಬಂದ ನ್ಯಾಯದ ಮಾತಾಗಿತ್ತು. ಇಬ್ಬರ ನೋವೂ ನಿಜವಾದದ್ದು, ಇಬ್ಬರೂ ಅಕ್ಷರದಿಂದ ದೂರವಿಡಲ್ಪಟ್ಟವರ ಮಕ್ಕಳೇ. ಒಂದೇ ಚಿತ್ರ ಇಬ್ಬರಿಗೂ ಒಂದೇ ಅರ್ಥ ಕೊಡಬೇಕೆಂದು ಯಾವ ಶಾಲೆಯೂ ಆಗ್ರಹಿಸಲಾಗದು. ಆದ್ದರಿಂದಲೇ ಸಾರ್ವಜನಿಕ ಶಾಲೆಯು ಆ ಚಿತ್ರವನ್ನು ಪೂಜೆಯ ಸ್ಥಾನದಲ್ಲಿ ಇಡಕೂಡದು ಎಂದು ನಾನು ನಂಬುತ್ತೇನೆ. ಸಮಾಜದವರು ತಮ್ಮ ದುಡ್ಡಿನಿಂದ ನಡೆಸಿದ ರಾತ್ರಿಶಾಲೆಯಲ್ಲಿ ಶಾರದೆಗೆ ಇದ್ದ ಅಧಿಕಾರ ಪಾಲಿಕೆಯ ತರಗತಿಯಲ್ಲಿ ಅವಳಿಗೆ ಇಲ್ಲ. ನಮ್ಮ ಮನೆಯಲ್ಲಿ ನವರಾತ್ರಿಗೆ ಪುಸ್ತಕಗಳನ್ನು ಇಟ್ಟು ಪೂಜಿಸುತ್ತೇವೆ, ದಸರೆಯ ದಿನ ಇಲ್ಲಿಯವರಂತೆ ಸ್ಲೇಟಿನ ಮೇಲೆ ಒಂದರ ಅಂಕಿಗಳಿಂದ ಸರಸ್ವತಿಯನ್ನು ಬರೆದು ಮಕ್ಕಳಿಂದ ಪೂಜೆ ಮಾಡಿಸುತ್ತೇವೆ, ಮುಂದೆಯೂ ಮಾಡಿಸುತ್ತೇವೆ. ಆ ಭಕ್ತಿಗೆ ಪಾಲಿಕೆಯ ಗೋಡೆಯ ಆಸರೆ ಬೇಕಿಲ್ಲ.

ಸುಮ್ಮನಿರದ ಚಿತ್ರ

ಇಟಲಿಯ ಸರ್ಕಾರಿ ಶಾಲೆಗಳ ತರಗತಿಗಳಲ್ಲಿರುವ ಶಿಲುಬೆಯ ಪ್ರಶ್ನೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದಾಗ, 2009ರಲ್ಲಿ ಅದರ ಒಂದು ಪೀಠ ತಾಯಿಯೊಬ್ಬರ ತಕರಾರನ್ನು ಎತ್ತಿಹಿಡಿದಿತ್ತು. 2011ರಲ್ಲಿ ದೊಡ್ಡ ಪೀಠವು ಹದಿನೈದು ಮತಗಳಿಗೆ ಎರಡರಂತೆ ಆ ತೀರ್ಪನ್ನು ತಿರುಗಿಸಿತು. ಗೋಡೆಯ ಮೇಲಿನ ಶಿಲುಬೆ ನಿಷ್ಕ್ರಿಯ ಸಂಕೇತ, ಬೋಧನೆ ಅಥವಾ ಧಾರ್ಮಿಕ ಕ್ರಿಯೆಯಂತೆ ಅದು ಮಗುವಿನ ಮೇಲೆ ಪ್ರಭಾವ ಬೀರುತ್ತದೆ ಎನ್ನಲಾಗದು ಎಂಬುದು ಅದರ ತರ್ಕ. ಜರ್ಮನಿಯ ಸಂವಿಧಾನ ನ್ಯಾಯಾಲಯ 1995ರಲ್ಲಿ ಬವೇರಿಯಾದ ಶಾಲೆಗಳ ವಿಷಯದಲ್ಲಿ ಇದಕ್ಕೆ ವಿರುದ್ಧವಾಗಿ ಯೋಚಿಸಿತ್ತು. ಆ ದೇಶಗಳ ವಾದ ಅಲ್ಲಿಯದು. ನಮ್ಮಲ್ಲಿ ಮಾತ್ರ ಚಿತ್ರ ಸುಮ್ಮನಿರುವುದಿಲ್ಲ. ಅದು ಹೂ ಕೇಳುತ್ತದೆ, ಕುಂಕುಮ ಕೇಳುತ್ತದೆ, ಕೆಳಗೆ ಚಪ್ಪಲಿ ಬಿಡಲು ಹೇಳುತ್ತದೆ, ವಾರಕ್ಕೊಮ್ಮೆ ಒಂದು ಮಗುವನ್ನು ಬೆಂಚಿನ ಮೇಲೆ ಹತ್ತಿಸುತ್ತದೆ. ನಾವು ಚಿತ್ರವನ್ನು ನೋಡುವ ಜನವಲ್ಲ, ಚಿತ್ರದ ಸೇವೆ ಮಾಡುವ ಜನ. ಅದರಲ್ಲಿ ನಮ್ಮ ಸಂಸ್ಕೃತಿಯ ಸೊಗಸೂ ಇದೆ. ಆದರೆ ಸೇವೆ ಆರಂಭವಾದ ಕೂಡಲೇ ಯಾರು ಸೇವೆ ಮಾಡಬಹುದು, ಯಾರು ಮಾಡಬಾರದು, ಯಾರು ಮಾಡಲೊಲ್ಲರು ಎಂಬ ಮೂರು ಗುಂಪುಗಳೂ ಆರಂಭವಾಗುತ್ತವೆ.

ಇದೇ ಕಾರಣಕ್ಕೆ ದೇವರ ಚಿತ್ರ ತೆಗೆದು ಮಹಾಪುರುಷರ ಚಿತ್ರ ಹಾಕಿದರೆ ಪ್ರಶ್ನೆ ಮುಗಿಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಜನವರಿ 3ರಂದು ಸಾವಿತ್ರಿಬಾಯಿಯ ಚಿತ್ರಕ್ಕೆ, ಫೆಬ್ರವರಿ 19ರಂದು ಶಿವಾಜಿ ಮಹಾರಾಜರ ಚಿತ್ರಕ್ಕೆ, ಏಪ್ರಿಲ್ 14ರಂದು ಅಂಬೇಡ್ಕರರ ಚಿತ್ರಕ್ಕೆ ನಮ್ಮ ಶಾಲೆಗಳಲ್ಲಿ ನಡೆಯುವುದು ಬಹುಮಟ್ಟಿಗೆ ಅದೇ ಪೂಜೆ: ಅದೇ ಮಾಲೆ, ಅದೇ ಊದಿನಕಡ್ಡಿ, ಅದೇ ಕಾಯಿ. ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕೀಯದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ ಅಂಬೇಡ್ಕರರ ಚಿತ್ರಕ್ಕೇ ಮಕ್ಕಳಿಂದ ಕುಂಕುಮ ಹಚ್ಚಿಸುವುದನ್ನು ನೋಡಿದಾಗ ನನಗೆ ದುಃಖವಾಗುತ್ತದೆ. ಸಾವಿತ್ರಿಬಾಯಿ ಶಾಲೆಗೆ ಹೋಗುವಾಗ ಜನ ಅವರ ಮೇಲೆ ಸಗಣಿ ಎಸೆಯುತ್ತಿದ್ದರು, ಅವರು ಇನ್ನೊಂದು ಸೀರೆ ಒಯ್ಯುತ್ತಿದ್ದರು ಎಂಬ ಕಥೆಯನ್ನು ಹೇಳಿ ಅರ್ಧ ಗಂಟೆ ಮಕ್ಕಳೊಂದಿಗೆ ಮಾತಾಡಿದರೆ ಆ ಚಿತ್ರಕ್ಕೆ ಬೇರೆ ಮರ್ಯಾದೆ ಬೇಕಾಗುವುದಿಲ್ಲ. ಧರ್ಮಗಳ ಬಗ್ಗೆ ಪಾಠ ಮಾಡುವುದು ಬೇರೆ, ಧರ್ಮವನ್ನು ಬೋಧಿಸುವುದು ಬೇರೆ ಎಂದು ಸುಪ್ರೀಂ ಕೋರ್ಟು ಅರುಣಾ ರಾಯ್ ಪ್ರಕರಣದಲ್ಲಿ 2002ರಲ್ಲೇ ಹೇಳಿದೆ. ಬಸವಣ್ಣ, ಬುದ್ಧ, ಪೈಗಂಬರ್, ಏಸು, ತುಕಾರಾಮ ಎಲ್ಲರ ಕಥೆಯನ್ನೂ ತರಗತಿಯಲ್ಲಿ ಹೇಳಬಹುದು, ಹೇಳಬೇಕು. ಯಾರ ಮುಂದೆಯೂ ಸಾಲಾಗಿ ನಿಲ್ಲಿಸುವ ಅಗತ್ಯವಿಲ್ಲ.

ಕೈಮುಗಿಯದಿರುವ ಹಕ್ಕನ್ನು ನಮ್ಮ ನ್ಯಾಯಾಲಯಗಳು ಗುರುತಿಸಿವೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟಾಗ, 1986ರಲ್ಲಿ ಸುಪ್ರೀಂ ಕೋರ್ಟು ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ನಾಸಿಕದ ಅನುದಾನಿತ ಶಾಲೆಯೊಂದರ ಶಿಕ್ಷಕರು ಪ್ರಾರ್ಥನೆಯ ಹೊತ್ತಿನಲ್ಲಿ ಕೈಜೋಡಿಸಲಿಲ್ಲವೆಂಬ ಕಾರಣಕ್ಕೆ ವೇತನಶ್ರೇಣಿ ಕಳೆದುಕೊಂಡಾಗ, ಹಾಗೆ ಒತ್ತಾಯಿಸುವುದು ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು ಬಾಂಬೆ ಹೈಕೋರ್ಟು 2013ರಲ್ಲಿ ಹೇಳಿತು. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಪ್ರಾರ್ಥನೆಯ ಪ್ರಶ್ನೆಯನ್ನು 2019ರಲ್ಲಿ ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು. ಈ ತೀರ್ಪುಗಳು ನನಗೆ ಧೈರ್ಯ ಕೊಡುತ್ತವೆ, ಆದರೆ ಒಂದು ಮಾತು ಮತ್ತೆ ಮತ್ತೆ ಕಾಡುತ್ತದೆ. ಎಲ್ಲ ಕಡೆಯೂ ಯಾರೋ ಒಬ್ಬರು ಎಲ್ಲರೆದುರು ಭಿನ್ನವಾಗಿ ನಿಂತ ಮೇಲೆಯೇ ನ್ಯಾಯ ಸಿಕ್ಕಿದೆ. ನ್ಯಾಯಾಲಯಕ್ಕೆ ಹೋಗುವ ತಂದೆಯಿಲ್ಲದ, ತಡವಾಗಿ ಬರುವುದೊಂದೇ ಉಪಾಯವಾದ ಮಗುವಿಗೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ನಮ್ಮ ಕರ್ನಾಟಕದಲ್ಲಿ 2022ರಲ್ಲಿ ಹಿಜಾಬಿನ ಪ್ರಶ್ನೆ ಬಂದಾಗ ಹೈಕೋರ್ಟು ಸರ್ಕಾರದ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ದಿನಗಳಲ್ಲಿ ತರಗತಿಯೊಳಗೆ ಧರ್ಮದ ಗುರುತು ಬೇಡ ಎಂದು ಬಲವಾಗಿ ವಾದಿಸಿದವರು ಇಲ್ಲಿಯೂ ಅನೇಕರಿದ್ದರು. ಮಗು ತನ್ನ ಮೈಮೇಲೆ ಧರಿಸಿ ಬರುವುದು ಅದರ ಮನೆಯ ಮಾತು. ಗೋಡೆಯ ಮೇಲಿರುವುದು ಶಾಲೆಯ ಮಾತು. ಮೊದಲನೆಯದನ್ನು ಗೇಟಿನಲ್ಲೇ ತಡೆದು ಎರಡನೆಯದನ್ನು ಪ್ರಶ್ನೆಯೇ ಇಲ್ಲದೆ ಉಳಿಸಿಕೊಳ್ಳುವುದನ್ನು ಸಮಾನತೆಯೆಂದು ಕರೆಯಲು ನನಗೆ ಸಾಧ್ಯವಿಲ್ಲ. ನನ್ನನ್ನು ಕೇಳಿದರೆ ಕ್ರಮ ತಿರುಗಬೇಕು: ಹಣೆಯ ವಿಭೂತಿ, ಕೊರಳ ಲಿಂಗ, ತಲೆಯ ವಸ್ತ್ರ, ಶಿಲುಬೆಯ ಪದಕ ಮಗುವಿನೊಂದಿಗೆ ಒಳಗೆ ಬರಲಿ; ಗೋಡೆ ಮಾತ್ರ ಯಾರ ಪರವಾಗಿಯೂ ಮಾತಾಡದಿರಲಿ.

ಸುಣ್ಣ ಬಳಿದ ಮೇಲೆ

ಮೊನ್ನೆಯ ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲು ಒಂದು ಕನ್ನಡ ಶಾಲೆಯ ಕೋಣೆಗಳಿಗೆ ಸುಣ್ಣ ಬಳಿಸುವ ಕೆಲಸಕ್ಕೆ ಹಳೆಯ ವಿದ್ಯಾರ್ಥಿಗಳು ನಾವು ಕೈಜೋಡಿಸಿದೆವು. ಪಟಗಳನ್ನೆಲ್ಲ ಇಳಿಸಿ ಪಡಸಾಲೆಯಲ್ಲಿ ಒರಗಿಸಿಟ್ಟಿದ್ದರು. ಗೋಡೆ ಒಣಗಿದ ಮೇಲೆ ಯಾವುದನ್ನು ಮತ್ತೆ ಹಾಕಬೇಕೆಂಬ ಮಾತು ಬಂತು. ರಾತ್ರಿಶಾಲೆಯಲ್ಲಿ ಓದಿ ಮುಂದೆ ಸ್ವಂತ ಹೋಟೆಲು ಕಟ್ಟಿದ ಹಿರಿಯರೊಬ್ಬರು ಅಮೃತಶಿಲೆಯ ಶಾರದಾ ಮೂರ್ತಿಯನ್ನೇ ಮಂಟಪದ ಸಮೇತ ಕೊಡಲು ಮುಂದೆ ಬಂದಿದ್ದರು. ತಾನು ಹದಿಮೂರರ ವಯಸ್ಸಿನಲ್ಲಿ ಊರು ಬಿಟ್ಟು ಬಂದಾಗ ಈ ನಗರದಲ್ಲಿ ತನ್ನನ್ನು ತಾಯಿಯಂತೆ ನೋಡಿದ್ದು ಆ ಪಟವೊಂದೇ ಎಂದು ಹೇಳುವಾಗ ಅವರ ಕಂಠ ಗದ್ಗದವಾಯಿತು. ಕೋಣೆಯಲ್ಲಿದ್ದ ಯಾರಿಗೂ ಎದುರು ಮಾತಾಡುವ ಮನಸ್ಸಾಗಲಿಲ್ಲ, ನನಗೂ ಆಗಲಿಲ್ಲ. ಕಡೆಗೆ ಮಾತಾಡಿದ್ದು ಆ ಶಾಲೆಯ ತರುಣ ಶಿಕ್ಷಕಿ. 'ಮೂರ್ತಿ ಬಂದರೆ ಪೂಜೆ ಬರುತ್ತದೆ, ಪೂಜೆ ಬಂದರೆ ಸರದಿ ಬರುತ್ತದೆ. ಸರದಿಯಲ್ಲಿ ಯಾರನ್ನು ಬಿಡಬೇಕೆಂದು ನಾನು ಪ್ರತಿ ವಾರ ಯೋಚಿಸಬೇಕಾಗುತ್ತದೆ. ನನ್ನಿಂದ ಅದನ್ನು ಮಾಡಿಸಬೇಡಿ' ಎಂದರು. ಅವರ ತರಗತಿಯ ಮಕ್ಕಳಲ್ಲಿ ಹೆಚ್ಚಿನವರು ಈಗ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕೂಲಿ ಕುಟುಂಬಗಳವರು. ಅವರಲ್ಲಿ ಮುಸ್ಲಿಮರಿದ್ದಾರೆ, ಬೌದ್ಧರಿದ್ದಾರೆ, ಲಂಬಾಣಿಗರಿದ್ದಾರೆ.

ಕನ್ನಡ ಶಾಲೆ ಉಳಿಯುವುದೇ ಕಷ್ಟವಾಗಿರುವಾಗ ಪಟದ ಚರ್ಚೆ ಏಕೆ, ಇದರಿಂದ ದಾನಿಗಳು ದೂರವಾಗುತ್ತಾರೆ ಎಂದು ಕೆಲವರು ಹೇಳಿದರು. ಈ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕರಾವಳಿಯಿಂದ ಬಂದ ನಮ್ಮ ಮನೆಗಳ ಮಕ್ಕಳೆಲ್ಲ ಇಂಗ್ಲಿಷ್ ಶಾಲೆಗೆ ಹೋಗಿ ತಲೆಮಾರುಗಳೇ ಆದವು. ಆದರೆ ನಾವು ಬಿಟ್ಟ ಬೆಂಚುಗಳನ್ನು ಇಂದು ತುಂಬಿ ಮುಂಬಯಿಯಲ್ಲಿ ಕನ್ನಡ ಅಕ್ಷರವನ್ನು ಉಳಿಸುತ್ತಿರುವವರು ಈ ಮಕ್ಕಳೇ. ನಮ್ಮ ನೆನಪಿನ ಶಾಲೆಯನ್ನು ಅವರ ಮೇಲೆ ಹೊದಿಸಲು ನಮಗೆ ಯಾವ ಅಧಿಕಾರವಿದೆ? ದೀರ್ಘ ಮಾತಿನ ನಂತರ ಹಿರಿಯರು ಮೂರ್ತಿಯ ವಿಚಾರ ಕೈಬಿಟ್ಟರು. ಪೂರ್ಣ ಮನಸ್ಸಿನಿಂದ ಎಂದು ಹೇಳಲಾರೆ. ಚಹಾ ಕುಡಿಯದೆ ಹೊರಟರು. ಅವರಿಗೆ ಆದ ನೋವು ನಮ್ಮೆಲ್ಲರ ಮೇಲೂ ಒಂದು ಋಣವಾಗಿ ಉಳಿದಿದೆ. ಹಳೆಯ ಸರಸ್ವತಿಯ ಪಟ ಶಿಕ್ಷಕರ ಕೋಣೆಗೆ ಹೋಯಿತು. ತರಗತಿಯ ಗೋಡೆಗೆ ಕರ್ನಾಟಕ ಮತ್ತು ಮಹಾರಾಷ್ಟ್ರದ ನಕ್ಷೆ, ವರ್ಣಮಾಲೆ, ಮಕ್ಕಳೇ ಬರೆದ ಚಿತ್ರಗಳು ಬಂದವು. ಸಂವಿಧಾನದ ಪ್ರಸ್ತಾವನೆಯನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿದೆವು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ಕನ್ನಡ ಪಠ್ಯಪುಸ್ತಕಗಳ ಮೊದಲ ಪುಟಗಳಲ್ಲಿ ಅದು ಹೇಗೂ ಇದೆ, 2020ರ ಜನವರಿ 26ರಿಂದ ಶಾಲೆಗಳಲ್ಲಿ ಅದನ್ನು ಓದಿಸುವ ನಿರ್ಧಾರವನ್ನೂ ರಾಜ್ಯ ಸರ್ಕಾರ ಮಾಡಿತ್ತು. ಅದಕ್ಕೆ ಮಾಲೆ ಹಾಕಬೇಡಿ ಎಂದು ಆ ಶಿಕ್ಷಕಿ ಮೊದಲೇ ಹೇಳಿಟ್ಟರು.

ಒಂದು ಶಾಲೆಯಲ್ಲಿ ಒಬ್ಬ ಶಿಕ್ಷಕಿಗೆ ಧೈರ್ಯವಿತ್ತು. ಮುಂದಿನ ವರ್ಷ ಅವರ ವರ್ಗವಾದರೆ ಪಟ ಮತ್ತೆ ತರಗತಿಗೆ ಬರಬಹುದು, ಸರದಿಯೂ ಬರಬಹುದು. ಆದ್ದರಿಂದ ನಾವು ಕೆಲವರು ಸೇರಿ ಪಾಲಿಕೆಯ ಶಿಕ್ಷಣ ವಿಭಾಗಕ್ಕೆ ಒಂದು ಮನವಿ ಬರೆದಿದ್ದೇವೆ. ಶಾಲೆಯ ಸಮಯದ ಒಳಗೆ ತರಗತಿಯಲ್ಲಿ ಯಾವುದೇ ಚಿತ್ರಕ್ಕೆ ಪೂಜೆ ನಡೆಯಬಾರದು, ಪೂಜೆಯ ವಸ್ತುಗಳನ್ನು ತರುವಂತೆ ಯಾವ ಮಗುವಿಗೂ ಹೇಳಬಾರದು, ದಾನವಾಗಿ ಬರುವ ಮೂರ್ತಿ ಮತ್ತು ಪಟಗಳನ್ನು ಸ್ವೀಕರಿಸಬೇಕೇ ಬೇಡವೇ ಎಂಬುದನ್ನು ಮುಖ್ಯೋಪಾಧ್ಯಾಯರ ಹೆಗಲಿಗೆ ಹಾಕದೆ ವಿಭಾಗವೇ ಲಿಖಿತವಾಗಿ ಹೇಳಬೇಕು ಎಂದು ಕೇಳಿದ್ದೇವೆ. ಮನವಿ ಕನ್ನಡದಲ್ಲೂ ಮರಾಠಿಯಲ್ಲೂ ಇದೆ. ಅದಕ್ಕೆ ಸಹಿ ಹಾಕಿದವರಲ್ಲಿ ಪ್ರತಿದಿನ ಬೆಳಿಗ್ಗೆ ದೇವರಿಗೆ ದೀಪ ಹಚ್ಚುವವರೇ ಹೆಚ್ಚು. ಉರ್ದು ಮತ್ತು ತೆಲುಗು ಶಾಲೆಗಳ ಪಾಲಕರನ್ನು ಕಂಡು ಮಾತಾಡುವ ಕೆಲಸ ಇನ್ನೂ ಬಾಕಿಯಿದೆ.